ಅವ್ವ ಓದಿದ ಅಮೆರಿಕ

ನಮ್ಮ ಹುತ್ರಿದುರ್ಗಕ್ಕೂ ಅಮೆರಿಕಕ್ಕೂ ನಂಟು ಇಂದು ನಿನ್ನೆಯದಲ್ಲ. 1781ರಲ್ಲಿ ವರ್ಜೀನಿಯಾದ ಯಾರ್ಕ್‌ಟೌನಿನಲ್ಲಿ ಅಮೆರಿಕನ್ನರಿಗೆ ಶರಣಾದ ಲಾರ್ಡ್ ಕಾರ್ನ್‌ವಾಲಿಸ್, ಅಲ್ಲಿ ಕಳಕೊಂಡ ಮಾನವನ್ನು ಹುಡುಕಿಕೊಂಡು ಹತ್ತು ವರ್ಷಕ್ಕೆ ನಮ್ಮ ಕಡೆ ಬಂದ. 1791ರ ಡಿಸೆಂಬರಿನಲ್ಲಿ ಅವನ ಸೈನ್ಯ ಮೊದಲು ಸಾವನದುರ್ಗ ಹತ್ತಿತು, ಅದಾದ ಕೆಲವೇ ದಿನಕ್ಕೆ ಹುತ್ರಿದುರ್ಗ. ಕೆಂಪೇಗೌಡರ ಕಾಲದ ಕೋಟೆ, ಸುತ್ತಿನ ಮೇಲೆ ಸುತ್ತು ಗೋಡೆ, ಸಮುದ್ರಮಟ್ಟದಿಂದ ಸುಮಾರು 3,700 ಅಡಿ ಎತ್ತರ, ತುದಿಯಲ್ಲಿ ಕಾಯಲು ಶಂಕರೇಶ್ವರ. ಇಷ್ಟೆಲ್ಲ ಇದ್ದೂ ಬಿತ್ತು. ಆ ದಂಡಿನವರು ತಮ್ಮ ಕಾಗದಗಳಲ್ಲಿ ನಮ್ಮೂರನ್ನು ‘ಊಟ್ರಾಡ್ರೂಗ್’ ಎಂದು ಬರೆದುಕೊಂಡರು. ಹಸಿದ ದಂಡು, ಊಟವೇ ಕಿವಿಗೆ ಬಿದ್ದಿರಬೇಕು.

ವರ್ಷಗಟ್ಟಲೆ ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡಿದವನು ನಾನು. ಯಾರ್ಕ್‌ಟೌನ್ ಎಲ್ಲಿದೆ ಎಂದು ತೋರಿಸಲು ಗೋಡೆಯ ಭೂಪಟಕ್ಕೆ ಬೆತ್ತ ಇಟ್ಟರೆ ಸದಾ ಒಂದೇ ತೊಂದರೆ. ಸುರುಳಿ ಸುತ್ತಿ ಸುತ್ತಿ ಅಟ್ಲಾಂಟಿಕ್ ಸಾಗರ ಉದ್ದಕ್ಕೂ ಹರಿದಿತ್ತು. ಹಿಂದಿನಿಂದ ಯಾರೋ ಗಾಯಕ್ಕೆ ಹಾಕುವ ಪ್ಲಾಸ್ಟರ್ ಅಂಟಿಸಿದ್ದರು. ಅದು ಬಿಸಿಲಿಗೆ ಮುದುಡಿಕೊಂಡು ಎರಡೂ ದಡ ಹತ್ತಿರ ಸರಿದು, ನಮ್ಮ ಶಾಲೆಯ ಮಟ್ಟಿಗೆ ಲಂಡನ್ನಿನಿಂದ ನ್ಯೂಯಾರ್ಕಿಗೆ ಈಜಿಕೊಂಡೇ ಹೋಗಬಹುದಿತ್ತು. ನಾನಂತೂ ಹೋಗಲಿಲ್ಲ. ನಮ್ಮ ಕಾಲದಲ್ಲಿ ಹೊರಗೆ ಹೋಗಿ ಓದುವುದೆಂದರೆ ತುಮಕೂರಿಗೆ ಹೋಗಿ ಓದುವುದು. ತೀರಾ ಜಾಣರು ಮೈಸೂರಿಗೆ ಹೋಗುತ್ತಿದ್ದರು. ಅವರು ರಜಕ್ಕೆ ಬಂದಾಗ ಬೂಟು ಹಾಕಿಕೊಂಡೇ ಬೆಟ್ಟ ಹತ್ತುವುದನ್ನು ನೋಡಲು ಸಂತೇಪೇಟೆಯಲ್ಲಿ ಜನ ನಿಲ್ಲುತ್ತಿದ್ದರು.

ಹೀಗಿರುವಾಗ ನನ್ನ ತಮ್ಮನ ಮಗನಿಗೆ, ತುಮಕೂರಿನಲ್ಲಿ ಎಂಜಿನಿಯರಿಂಗ್ ಮುಗಿಸಿದವನಿಗೆ, ಎಂ.ಎಸ್. ಓದಲು ಸೀಟು ಸಿಕ್ಕಿತು. ಎಲ್ಲಿ? ಅದೇ ವರ್ಜೀನಿಯಾದಲ್ಲಿ. ಮೇಷ್ಟ್ರ ಬುದ್ಧಿ ಎಲ್ಲಿ ಹೋಗುತ್ತದೆ, ಜಗಲಿಯಲ್ಲಿ ಕೂತಿದ್ದ ಅವ್ವನಿಗೆ ಕಾರ್ನ್‌ವಾಲಿಸನ ಕತೆಯಿಂದಲೇ ಶುರುಮಾಡಿದೆ.

“ಅವತ್ತು ಬಂದು ಬೆಟ್ಟ ಕಿತ್ಕಂಡ್ರು, ಇವತ್ತು ಹುಡುಗನ್ನ ಕಿತ್ಕಂತಾರಾ?” ಎಂದಳು ಅವ್ವ.

“ಅವರು ಬೇರೆ, ಇವರು ಬೇರೆ ಕಣವ್ವ. ಬೆಟ್ಟ ಹಿಡಿದೋನನ್ನ ಸೋಲಿಸಿದೋರು ಇವರು.”

“ಹಂಗಾರೆ ಹೋಗ್ಲಿ ಬಿಡು,” ಎಂದು ಅವ್ವ ಅನುಮತಿ ಕೊಟ್ಟಳು. ಆ ಅನುಮತಿ ಒಂದೇ ನೋಡಿ ಆಗ ಸಲೀಸಾಗಿ ಸಿಕ್ಕಿದ್ದು.

ಮೊದಲು ತಗುಲಿಕೊಂಡದ್ದು ಹೆಸರು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹುಡುಗನ ಹೆಸರಿನ ಮುಂದೆ ‘ಎಚ್. ಟಿ.’ ಎಂದು ಎರಡು ಅಕ್ಷರ. ನಮ್ಮ ಕಡೆಯ ಪದ್ಧತಿಯೇ ಹಾಗೆ. ಮೊದಲನೆಯದು ಊರು, ಎರಡನೆಯದು ಅಪ್ಪ, ಜಾಗ ಮಿಕ್ಕಿದ್ದರೆ ತಾನು. ಪಾಸ್‌ಪೋರ್ಟಿಗೆ ಇನಿಷಿಯಲ್ ನಡೆಯುವುದಿಲ್ಲ, ಬಿಡಿಸಿ ಬರೆಯಬೇಕು. ಬಿಡಿಸಿದ್ದನ್ನು ಸರ್‌ನೇಮ್, ಗಿವನ್ ನೇಮ್ ಎಂಬ ಎರಡು ಖಾನೆಗೆ ಹಂಚುವಾಗ ಅಣ್ಣತಮ್ಮಂದಿರ ಪಾಲುಪಾರಿಕತ್ತಿನಷ್ಟು ಜಗಳವಾಯಿತು. ಕೊನೆಗೆ ಊರು ಹೋಗಿ ಮೊದಲ ಹೆಸರಿನ ಜಾಗದಲ್ಲಿ ಕೂತಿತು. ಯೂನಿವರ್ಸಿಟಿಯಿಂದ ಬಂದ ಮೊದಲ ಮೇಲ್ ‘ಡಿಯರ್ ಹುತ್ರಿದುರ್ಗ’ ಎಂದು ಶುರುವಾಗಿತ್ತು. ನಿಮ್ಮನ್ನು ನಮ್ಮ ಕ್ಯಾಂಪಸ್ಸಿಗೆ ಸ್ವಾಗತಿಸಲು ಬಹಳ ಸಂತೋಷವಾಗುತ್ತಿದೆ ಎಂದು ಮುಂದೆ. ತಮ್ಮ ಅದನ್ನು ಓದಿಸಿಕೊಂಡು ಕಣ್ಣಲ್ಲಿ ನೀರು ತಂದುಕೊಂಡ. ಮಗನಿಗೆ ಸೀಟು ಸಿಕ್ಕಿದ್ದಕ್ಕೋ ಬೆಟ್ಟಕ್ಕೇ ಸೀಟು ಸಿಕ್ಕಿದ್ದಕ್ಕೋ ತಿಳಿಯಲಿಲ್ಲ. ಒಂದೇ ಹೆಸರಿನವರ ಪಾಡು ಇದಕ್ಕಿಂತ ಕಷ್ಟ. ಪಾಸ್‌ಪೋರ್ಟಿನಲ್ಲಿ ಒಂದು ಖಾನೆ ಖಾಲಿ ಇದ್ದರೆ ಅಮೆರಿಕದ ವೀಸಾದಲ್ಲಿ ‘ಎಫ್‌ಎನ್‌ಯು’ ಎಂದು ಅಚ್ಚಾಗುತ್ತದೆ, ಮೊದಲ ಹೆಸರು ಗೊತ್ತಿಲ್ಲ ಎಂದು. ಆ ಮೂರಕ್ಷರವನ್ನೇ ಹೆಸರು ಮಾಡಿಕೊಂಡು ಬದುಕುವವರು ಅಲ್ಲಿ ಇದ್ದಾರಂತೆ. ಅದಕ್ಕೆ ಹೋಲಿಸಿದರೆ ಹುತ್ರಿದುರ್ಗ ವಾಸಿ.

ಹೆಸರಾದ ಮೇಲೆ ಹಣ. ಇಲ್ಲಿ ತಮ್ಮ ಒಂದೇ ವಾರದಲ್ಲಿ ಬಡವನೂ ಆಗಬೇಕಾಯಿತು, ಶ್ರೀಮಂತನೂ ಆಗಬೇಕಾಯಿತು. ವಿದೇಶಿ ವ್ಯಾಸಂಗಕ್ಕೆ ಸರ್ಕಾರದ ನೆರವಿದೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸಮಾಜ ಕಲ್ಯಾಣ ಇಲಾಖೆಯ ‘ಪ್ರಬುದ್ಧ’ ಯೋಜನೆ, ಹಿಂದುಳಿದ ವರ್ಗದವರಿಗೆ ಅವರ ಇಲಾಖೆಯದು ಬೇರೆ. ಅದಕ್ಕೆ ನಾಡಕಚೇರಿಯಿಂದ ಆದಾಯ ಪತ್ರ ತರಬೇಕು. ಆದಾಯ ಎಷ್ಟು ಕಡಿಮೆಯಿದ್ದರೆ ಅಷ್ಟು ಒಳ್ಳೆಯದು. ವೀಸಾಕ್ಕೆ ಚಾರ್ಟರ್ಡ್ ಅಕೌಂಟೆಂಟ್ ಹತ್ತಿರ ಆಸ್ತಿ ಲೆಕ್ಕ ಬರೆಸಬೇಕು. ಎಷ್ಟು ಜಾಸ್ತಿಯಿದ್ದರೆ ಅಷ್ಟು ಒಳ್ಳೆಯದು. ಎರಡೂ ಕಾಗದ ನಿಜವೇ. ನಮ್ಮ ಕಡೆ ರೈತನ ಸ್ಥಿತಿಯೇ ಹಾಗಲ್ಲವೇ, ಜಮೀನಿನ ಬೆಲೆ ಕೇಳಿದರೆ ಕುಬೇರ, ಬೆಳೆಯ ಬೆಲೆ ಕೇಳಿದರೆ ಕುಚೇಲ. ಸರ್ಕಾರದ ನೆರವಿಗೆ ಅರ್ಜಿ ಹಾಕಿದ, ಸರದಿ ಬರಲಿಲ್ಲ. ಉಳಿದದ್ದು ಬ್ಯಾಂಕು.

ಸಾಲ ಕೇಳಲು ಹೋಗುವಾಗ ತಮ್ಮ ತೋಟದ ಪಹಣಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟುಕೊಂಡು, ಇದನ್ನು ಕಂಡರೆ ಮ್ಯಾನೇಜರು ಎದ್ದು ನಿಲ್ಲುತ್ತಾನೆ ಎಂಬ ಗತ್ತಿನಲ್ಲಿ ಹೊರಟಿದ್ದ. ಮ್ಯಾನೇಜರು ಸಣ್ಣ ಹುಡುಗ, ಬಹಳ ಮರ್ಯಾದಸ್ಥ. ಏಳೂವರೆ ಲಕ್ಷದವರೆಗಾದರೆ ಒತ್ತೆ ಬೇಡ ಸಾರ್, ಅದರ ಮೇಲಾದರೆ ಬೇಕು, ಆದರೆ ತೋಟ ಆಗಲ್ಲ, ಸೈಟೋ ಮನೆಯೋ ಇದ್ದರೆ ಹೇಳಿ ಎಂದ. ತಮ್ಮನಿಗೆ ನಂಬಲೇ ಆಗಲಿಲ್ಲ. ಸಾಲ ವಸೂಲಿಗೆ ಅಂತ 2002ರಲ್ಲಿ ಬಂದ ಸರ್ಫೇಸಿ ಕಾಯ್ದೆಯಲ್ಲಿ ಕೃಷಿ ಜಮೀನಿಗೆ ಕೈ ಹಾಕುವಂತಿಲ್ಲ. ರೈತನ ನೆಲ ಉಳಿಯಲಿ ಎಂದೇ ಮಾಡಿದ ಏರ್ಪಾಡು. ಆದರೆ ಬ್ಯಾಂಕು, ಕಿತ್ತುಕೊಳ್ಳಲಾಗದ್ದನ್ನು ಒತ್ತೆ ಇಟ್ಟುಕೊಂಡು ನಾನೇನು ಮಾಡಲಿ ಎನ್ನುತ್ತದೆ. ತಾತನ ಕಾಲದಿಂದ ಕಾಯ್ದುಕೊಂಡು ಬಂದ ತೆಂಗು ಅಡಿಕೆಗಿಂತ, ತಮ್ಮನ ಹೆಂಡತಿಯ ತವರಿನವರು ಕುಣಿಗಲ್ಲಿನಲ್ಲಿ ಕೊಟ್ಟಿದ್ದ, ಪಾರ್ಥೇನಿಯಂ ಬೆಳೆದ ಮೂವತ್ತು-ನಲವತ್ತರ ಸೈಟು ಗಟ್ಟಿ ಆಸ್ತಿ ಎಂದು ಅವತ್ತು ಇತ್ಯರ್ಥವಾಯಿತು. ಆ ಸಂಜೆಯಿಂದ ನನ್ನ ನಾದಿನಿ ಮನೆಯಲ್ಲಿ ನಡೆಯುವ ರೀತಿಯೇ ಬೇರೆಯಾಯಿತು.

ಕಾಗದ ಪತ್ರಕ್ಕೆ ಸಹಿ ಹಾಕುತ್ತಾ ತಮ್ಮ ಒಮ್ಮೆ ಪೆನ್ನು ಕೆಳಗಿಟ್ಟು ಸುಮ್ಮನೆ ಕೂತ. ಅವನು ಓದಿದ್ದು ಸಿದ್ಧಗಂಗೆಯಲ್ಲಿ. ಅನ್ನ, ಅಕ್ಷರ, ಆಶ್ರಯ ಮೂರಕ್ಕೂ ಸೇರಿ ಅವನು ಕಟ್ಟಿದ ಫೀಸು ಸ್ವಾಮೀಜಿಯವರಿಗೆ ಹಾಕಿದ ಒಂದು ನಮಸ್ಕಾರ. ಈಗ ಮಗನ ಮೊದಲ ಸೆಮಿಸ್ಟರಿನ ಅಂಕಿಯಲ್ಲಿ ಸೊನ್ನೆಗಳನ್ನು ಬೆರಳಿಟ್ಟು ಎಣಿಸಿ, “ಇದು ರೂಪಾಯೋ ಡಾಲರೋ?” ಎಂದ. ಡಾಲರು ಎಂದೆ. ಇನ್ನೊಂದು ಸಲ ಎಣಿಸಿದ.

ಅವನಿಗೆ ಧೈರ್ಯ ಹೇಳುವ ಕೆಲಸ ಮನೆಯ ಮೇಷ್ಟ್ರಾದ ನನ್ನದು. ಹಿಂದಿನವರ ಉದಾಹರಣೆ ತೆಗೆದೆ. ಗೌರಿಬಿದನೂರಿನ ಹತ್ತಿರದ ಹೊಸೂರಿನಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು ಹೈಸ್ಕೂಲು ಓದಲು 1935ರಲ್ಲಿ ಬೆಂಗಳೂರಿಗೆ ನಡೆದುಕೊಂಡೇ ಬಂದವರು. ಆಮೇಲೆ ಅಮೆರಿಕದ ಒಹಾಯೊ ಸ್ಟೇಟ್ ಯೂನಿವರ್ಸಿಟಿಗೆ ಹೋಗಿ 1960ರಲ್ಲಿ ಪರಮಾಣು ವಿಜ್ಞಾನದಲ್ಲಿ ಪಿಎಚ್.ಡಿ. ಪಡೆದು, ತಿರುಗಿ ಬಂದು ನ್ಯಾಷನಲ್ ಕಾಲೇಜಿನ ಹಾಸ್ಟೆಲ್ಲಿನ ಒಂದು ಕೋಣೆಯಲ್ಲೇ ಬದುಕು ಕಳೆದರು. ತಮ್ಮ ತಲೆದೂಗಿದ. ಹುಮ್ಮಸ್ಸು ಬಂದು ಕೈಲಾಸಂ ವಿಷಯಕ್ಕೆ ಹೊರಳಿದೆ. ಮೈಸೂರು ಸರ್ಕಾರದ ಸ್ಕಾಲರ್‌ಷಿಪ್ಪಿನಲ್ಲಿ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಸೈನ್ಸ್‌ಗೆ ಭೂಗರ್ಭಶಾಸ್ತ್ರ ಓದಲು ಹೋದವರು, ವರ್ಷಗಟ್ಟಲೆ ಅಲ್ಲಿನ ನಾಟಕಶಾಲೆಗಳನ್ನು ಓದಿ, 1915ರಲ್ಲಿ ಬಂದು, ಸ್ವಲ್ಪ ಕಾಲ ಇಲಾಖೆಯ ಕೆಲಸ ಮಾಡಿ ಬಿಟ್ಟು, ಕನ್ನಡಕ್ಕೆ ಹೊಸ ನಾಟಕ ಕೊಟ್ಟರು.

“ಅಂದ್ರೆ, ಕಲ್ಲು ಓದಕ್ಕೆ ಅಂತ ಕಳಿಸಿದ್ರೆ ನಾಟಕ ಕಲ್ತು ಬಂದ್ರಾ? ಸ್ಕಾಲರ್‌ಷಿಪ್ ಸರ್ಕಾರದ್ದು, ಸರಿ ಹೋಯ್ತು. ನಮ್ಮದು ಸಾಲ ಕಣಣ್ಣ.”

ಕನ್ನಡಕ್ಕೆ ಲಾಭವಾದದ್ದು ಅವನ ಕಣ್ಣಿಗೆ ಬೀಳಲೇ ಇಲ್ಲ. ಆದ್ದರಿಂದ ಅನಂತಮೂರ್ತಿಯವರ ಸುದ್ದಿ ಎತ್ತಲಿಲ್ಲ. ಅವರೂ ಬರ್ಮಿಂಗ್‌ಹ್ಯಾಮಿಗೆ ಇಂಗ್ಲಿಷ್ ಸಾಹಿತ್ಯದ ಸಂಶೋಧನೆಗೆಂದು ಹೋಗಿ, ಒಂದು ಸಂಜೆ ಬರ್ಗ್‌ಮನ್ನನ ಸಿನಿಮಾ ನೋಡಿ ಬಂದು ‘ಸಂಸ್ಕಾರ’ ಬರೆಯಲು ಕೂತವರೇ ತಾನೆ? ಕಾದಂಬರಿ 1965ರಲ್ಲಿ ಬಂತು, ಪಿಎಚ್.ಡಿ. 1966ರಲ್ಲಿ. ಸಾಲ ಕೊಟ್ಟವರಿಗೆ ಈ ಕ್ರಮ ಹಿಡಿಸುವುದಿಲ್ಲ. ಕಲ್ಲು ಓದುವ ವಿಷಯದಲ್ಲಿ ತಮಾಷೆಯೆಂದರೆ, ರಾಮನಗರದಿಂದ ಬಳ್ಳಾರಿ ಸೀಮೆಯವರೆಗೆ ಹಬ್ಬಿರುವ ಕ್ಲೋಸ್‌ಪೇಟ್ ಗ್ರಾನೈಟನ್ನು, ಸುಮಾರು 250 ಕೋಟಿ ವರ್ಷದ ಬಂಡೆಯನ್ನು ಓದುವುದಕ್ಕೆ ಹೊರದೇಶದ ಭೂವಿಜ್ಞಾನಿಗಳು ಸುತ್ತಿಗೆ ಹಿಡಿದು ನಮ್ಮ ಕಡೆಗೇ ಬರುತ್ತಾರೆ. ಅವರ ಹತ್ತಿರ ಯಾರೂ ಪಹಣಿ ಕೇಳುವುದಿಲ್ಲ.

ಇದಕ್ಕೆಲ್ಲ ಮೊದಲು, ಸೀಟಿಗೆ ಅರ್ಜಿ ಹಾಕುವಾಗ ಬರೆದದ್ದು ಎಸ್‌ಒಪಿ ಎಂಬ ಪ್ರಬಂಧ. ನಾನೇಕೆ ಓದಬೇಕು, ಏನು ಓದಬೇಕು, ಇಲ್ಲೇ ಏಕೆ ಓದಬೇಕು ಎಂದು ಎರಡು ಪುಟ ಬರೆಯುವುದು. ಹುಡುಗ ಬರೆದು ತಂದು, ದೊಡ್ಡಪ್ಪ, ಒಂಚೂರು ಗ್ರಾಮರ್ ನೋಡಿ ಎಂದ. ‘ಬಾಲ್ಯದಿಂದಲೂ ನನಗೆ ಡಾಟಾ ಸೈನ್ಸ್ ಎಂದರೆ ಪ್ರಾಣ’ ಎಂಬುದು ಮೊದಲ ಸಾಲು. ಅವನ ಬಾಲ್ಯವನ್ನು ಹತ್ತಿರದಿಂದ ನೋಡಿದವನು ನಾನು. ಕೆರೆ ಏರಿಯ ಕೆಳಗೆ ಏಡಿ ಹಿಡಿಯುವುದು ಬಿಟ್ಟರೆ ಬೇರೆ ಯಾವುದರ ಮೇಲೂ ಅವನಿಗೆ ಪ್ರಾಣ ಇದ್ದದ್ದು ಕಾಣೆ. ಏಡಿ ವಿಷಯವನ್ನೇ ಬರಿ, ಯಾವ ಬಿಲದಲ್ಲಿ ಏಡಿ, ಯಾವುದರಲ್ಲಿ ಹಾವು ಎಂದು ಬಾಯಿಯ ಮಣ್ಣು ನೋಡಿ ಹೇಳುತ್ತಿದ್ದೆಯಲ್ಲ, ಡಾಟಾ ಅಂದರೆ ಅದೇ ಅಲ್ಲವೇನೋ ಎಂದೆ. ನಕ್ಕ. ಆದರೆ ರಾತ್ರಿ ಕೂತು ಅದನ್ನೇ ಬರೆದ. ಸೀಟು ಸಿಕ್ಕಿದ್ದು ಅದರಿಂದಲೇ ಎಂದು ನಾನು ನಂಬಿದ್ದೇನೆ, ಅವನು ಒಪ್ಪುವುದಿಲ್ಲ. ಶಿಫಾರಸು ಪತ್ರಗಳ ಕತೆ ಹೇಳಲೇಬಾರದು. ಕೊಡುವ ಗುರುಗಳೆಲ್ಲ, ನೀನೇ ಬರಕೊಂಡು ಬಾರಪ್ಪ, ನಾನು ಸೈನ್ ಹಾಕ್ತೀನಿ ಎನ್ನುವವರು. ತನ್ನನ್ನು ತಾನೇ ಮೂರು ಜನರ ಶೈಲಿಯಲ್ಲಿ ಹೊಗಳಿಕೊಳ್ಳುವುದನ್ನು ಯಾವ ಎಂ.ಎ. ತರಗತಿಯಲ್ಲೂ ಕಲಿಸುವುದಿಲ್ಲ.

ವೀಸಾ ಅರ್ಜಿಯ ಪ್ರಶ್ನೆಗಳನ್ನು ಅವ್ವನಿಗೂ ಓದಿ ಹೇಳುತ್ತಿದ್ದೆವು. ನೀವು ಭಯೋತ್ಪಾದಕ ಕೆಲಸ ಮಾಡುವ ಉದ್ದೇಶದಿಂದ ಬರುತ್ತಿದ್ದೀರಾ? ಬೇಹುಗಾರಿಕೆ ಮಾಡುವಿರಾ? ಅವ್ವ ಸೊಪ್ಪು ಸೋಸುವುದನ್ನು ನಿಲ್ಲಿಸಿ, “ಹ್ಞೂಂ ಅಂತ ಯಾರಾರ ಬರೀತಾರಾ?” ಎಂದಳು. ಅಷ್ಟು ದೊಡ್ಡ ದೇಶಕ್ಕೆ ಹೊಳೆಯದ್ದು ಅವಳಿಗೆ ಹೊಳೆದಿತ್ತು. ಬೆಂಗಳೂರಿನಲ್ಲಿ ಅಮೆರಿಕದ ಕಾನ್ಸುಲೇಟಿನ ಉದ್ಘಾಟನೆಯಾದದ್ದು 2025ರ ಜನವರಿಯಲ್ಲಿ. ನಮ್ಮ ಹುಡುಗ ಅದಕ್ಕೂ ಮುಂಚಿನವನು, ಸಂದರ್ಶನಕ್ಕೆ ಚೆನ್ನೈನ ಅಣ್ಣಾ ಸಾಲೈಗೇ ಹೋದ. ಹೈದರಾಬಾದಿನ ಕಡೆಯವರು ಚಿಲುಕೂರು ಬಾಲಾಜಿಗೆ ಹನ್ನೊಂದು ಪ್ರದಕ್ಷಿಣೆ ಹಾಕಿ, ವೀಸಾ ಸಿಕ್ಕರೆ ನೂರೆಂಟು ತೀರಿಸುತ್ತಾರೆ. ಅವ್ವ ಯಡಿಯೂರು ಸಿದ್ಧಲಿಂಗೇಶ್ವರನಿಗೆ ಮುಡಿಪು ಕಟ್ಟಿದಳು. ಸಂದರ್ಶನ ಮೂರು ನಿಮಿಷವೂ ನಡೆಯಲಿಲ್ಲವಂತೆ. ಯಾಕೆ ಈ ಯೂನಿವರ್ಸಿಟಿ, ಯಾರು ದುಡ್ಡು ಕೊಡುತ್ತಾರೆ, ಅಪ್ಪನಿಗೆ ಏನು ಕೆಲಸ. ತೆಂಗಿನ ತೋಟ ಎಂದನಂತೆ. ವೀಸಾ ಆಯಿತು ಎಂದು ಫೋನು ಬಂದಾಗ ತಮ್ಮ ಕೇಳಿದ ಮೊದಲ ಮಾತು: “ಒಂದ್ ಪಹಣೀನೂ ನೋಡ್ಲಿಲ್ವಾ?” ಇಲ್ಲ ಎಂದು ತಿಳಿದು ಅವಮಾನವಾದವನ ಹಾಗೆ ಫೋನು ನನ್ನ ಕೈಗೆ ಕೊಟ್ಟ.

ಸಾಮಾನಿನ ಗಲಾಟೆಯನ್ನು ಎಲ್ಲರೂ ಬರೆದಿದ್ದಾರೆ, ನಾನು ಹೆಚ್ಚು ಬರೆಯುವುದಿಲ್ಲ. ಇಪ್ಪತ್ತಮೂರು ಕಿಲೋದ ಎರಡು ಚೀಲ. ಕೊಬ್ಬರಿ ವ್ಯಾಪಾರಿಯ ಮನೆಯಿಂದ ತಕ್ಕಡಿ ತಂದು ತೂಗಿದ್ದು. ರಾಗಿ ಹಿಟ್ಟು, ಸಾರಿನ ಪುಡಿ, ಹುರುಳಿಕಾಳು ತುಂಬಿದ ಮೇಲೆ ಬಟ್ಟೆಗೆ ಜಾಗವಿಲ್ಲದ್ದು. ಒಂದು ಮಾತ್ರ ಹೇಳಬೇಕು. ಅವ್ವ ತನ್ನ ಹಿಟ್ಟಿನ ಕೋಲನ್ನು ತಂದು ಚೀಲದ ಮೇಲಿಟ್ಟಳು. ಹಿಡಿಯುವ ಕಡೆ ಸವೆದು ಬೆರಳಿನ ಗುರುತೇ ಕೂತಿದ್ದ ಕೋಲು. ಅಂಗಡಿಯಲ್ಲಿ ಹೊಸದು ಸಿಗುತ್ತದೆ ಅಜ್ಜಿ ಎಂದು ಹುಡುಗ ಹೇಳಿದ. “ಹೊಸದ್ರಲ್ಲಿ ಗಂಟಾಗ್ತದೆ,” ಎಂದಳು. ಚೀಲ ಕಾಲು ಕಿಲೋ ಮೀರಿತು. ಹುಡುಗ ಒಂದು ಜೊತೆ ಬೂಟು ತೆಗೆದು ಕೋಲನ್ನು ಒಳಗಿಟ್ಟ. ವಿಮಾನ ನಿಲ್ದಾಣಕ್ಕೆ ಎಲ್ಲರೂ ಹೋದೆವು. ಅವ್ವ ಬರಲಿಲ್ಲ, ಎಮ್ಮೆಗೆ ಯಾರೂ ಇಲ್ಲ ಎಂದಳು.

ಇಲ್ಲಿಂದ ಮುಂದೆ ಓದಿದ್ದು ಅವನಿಗಿಂತ ಹೆಚ್ಚಾಗಿ ಅವ್ವ ಎಂಬುದೇ ನನ್ನ ವಾದ. ಹುಡುಗ ಅಲ್ಲಿ ಒಂದು ವಿಷಯ ಓದಿದ. ಇವಳು ಜಗಲಿಯಲ್ಲಿ ಕೂತು ಎಲ್ಲ ವಿಷಯ ಓದಿದಳು. ಹೆಬ್ಬೆಟ್ಟಿನವಳು, ಆದರೆ ಬೆಳಗ್ಗೆ ನಾನು ಪೇಪರು ಬಿಡಿಸಿದರೆ “ಡಾಲರ್ ಏರೈತಾ ಇಳಿದೈತಾ?” ಎಂದು ಮೊದಲು ಕೇಳಿ, ಆಮೇಲೆ ಕೊಬ್ಬರಿ ರೇಟು. ಅಲ್ಲಿಗೂ ಇಲ್ಲಿಗೂ ಒಂಬತ್ತೂವರೆ ಗಂಟೆ ವ್ಯತ್ಯಾಸ ಎಂದು ಬಾಯಿಪಾಠ ಮಾಡಿಕೊಂಡಿದ್ದವಳಿಗೆ ನವೆಂಬರಿನಲ್ಲಿ ಅದು ಇದ್ದಕ್ಕಿದ್ದಂತೆ ಹತ್ತೂವರೆಯಾದಾಗ ಹುಡುಗನ ಮೇಲೇ ಅನುಮಾನ ಬಂತು. ನವೆಂಬರಿನ ಮೊದಲ ಭಾನುವಾರ ಗಡಿಯಾರ ಹಿಂದಕ್ಕೆ, ಮಾರ್ಚಿನ ಎರಡನೇ ಭಾನುವಾರ ಮುಂದಕ್ಕೆ ತಿರುಗಿಸುತ್ತಾರೆ ಎಂದು ಬಿಡಿಸಿ ಹೇಳಿದೆ. “ಹೊತ್ತು ಮೂಡೋದನ್ನೂ ಸರ್ಕಾರದೋರೇ ನೋಡ್ಕಂತಾರಾ!” ಎಂದು ಆಶ್ಚರ್ಯಪಟ್ಟಳು. ಮಾರನೇ ವರ್ಷ ನನಗೆ ಮರೆತಿತ್ತು, ಅವಳಿಗೆ ಮರೆತಿರಲಿಲ್ಲ.

ಫಾಲ್ ಎಂದರೆ ಆಗಸ್ಟಿನಲ್ಲಿ ಶುರು, ಸ್ಪ್ರಿಂಗ್ ಎಂದರೆ ಜನವರಿಯಲ್ಲಿ ಶುರು. ಕ್ಯಾಂಪಸ್ಸಿನೊಳಗೆ ವಾರಕ್ಕೆ 20 ಗಂಟೆ ಮಾತ್ರ ದುಡಿಯಬಹುದು. ನವೆಂಬರಿನ ನಾಲ್ಕನೇ ಗುರುವಾರ ಟರ್ಕಿ ಕೋಳಿ ಕೊಯ್ಯುವುದು ಅವರ ವರ್ಷತೊಡಕು. ಇದೆಲ್ಲ ಅವ್ವನ ಪಠ್ಯ. ಹುಡುಗ ಯಾರ್ಕ್‌ಟೌನಿಗೆ ಹೋಗಿ ಅಲ್ಲಿನ ಫಿರಂಗಿಯ ಪಕ್ಕ ನಿಂತು ಫೋಟೊ ಕಳಿಸಿದಾಗ, ಬೆಟ್ಟ ಹತ್ತಲು ಬೆಂಗಳೂರಿನಿಂದ ಬಂದಿದ್ದ ಟ್ರೆಕ್ಕಿಂಗ್ ಹುಡುಗರಿಗೆ ಫೋನು ತೋರಿಸಿ, ನಿಮ್ಮ ಈ ಬೆಟ್ಟ ಹಿಡಿದೋನು ಅಲ್ಲಿ ಸಿಕ್ಕಾಕ್ಕೊಂಡಿದ್ದ ಕಣ್ರಪ್ಪ ಎಂದು ಪಾಠ ಮಾಡಿದಳು. ನನ್ನ ಮುಂದೆ ಬೆಂಚಿನ ಮೇಲೆ ಕೂತ ಯಾವ ಮಕ್ಕಳೂ ಆ ಪಾಠವನ್ನು ಅಷ್ಟು ಚೆನ್ನಾಗಿ ಒಪ್ಪಿಸಿದ್ದಿಲ್ಲ.

ಓದು ಮುಗಿಯುವ ಹೊತ್ತಿಗೆ ಒಪಿಟಿ ಬಂತು. ಮುಗಿದ ಮೇಲೆ 12 ತಿಂಗಳು ಅಲ್ಲೇ ಕೆಲಸ ಮಾಡಬಹುದು, ಎಂಜಿನಿಯರಿಂಗಿನಂಥ ವಿಷಯಕ್ಕೆ ಇನ್ನೂ 24 ಕೊಡುತ್ತಾರೆ, ಆಮೇಲೆ ಎಚ್-1ಬಿ ಎಂದು 85,000 ವೀಸಾಕ್ಕೆ ಲಾಟರಿ ಎತ್ತುತ್ತಾರೆ ಎಂದೆ. “ಇಷ್ಟು ಓದ್ಸಿ ಕೊನೆಗೆ ಲಾಟರಿನಾ?” ಎಂದಳು. ಸ್ವಲ್ಪ ಹೊತ್ತು ಬೆರಳು ಮಡಚಿದಳು. “ಓದು ಎರಡು, ಇದು ಮೂರು. ಐದೊರ್ಷ. ಅವನ ಲೆಕ್ಕ ಸರಿಯಾಗೈತೆ. ನಂದೇ ಕೂಡ್ತಿಲ್ಲ.” ಗೊರೂರು ರಾಮಸ್ವಾಮಿ ಅಯ್ಯಂಗಾರರು ವಯಸ್ಸಾದ ಮೇಲೆ ಅಮೆರಿಕಕ್ಕೆ ಹೋಗಿಬಂದು ಪುಸ್ತಕ ಬರೆದು, ಅದಕ್ಕೆ 1980ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯೂ ಬಂತವ್ವ, ನೀನೂ ಹೋಗುವೆಯಂತೆ ಎಂದು ಮಾತು ತಿರುಗಿಸಿದೆ. ಎಮ್ಮೆ ನೀನು ನೋಡ್ಕಂತೀಯಾ ಎಂದಳು. ಅಲ್ಲಿಗೆ ಆ ಮಾತು ನಿಂತಿತು.

ಮೊನ್ನೆ ಪಕ್ಕದೂರಿನಿಂದ ಒಬ್ಬ ತಾಯಿ ಮಗಳನ್ನು ಕರೆದುಕೊಂಡು ಬಂದರು. ಹುಡುಗಿಗೆ ಹೊರದೇಶದಲ್ಲಿ ಓದುವ ಆಸೆ, ಮೇಷ್ಟ್ರನ್ನು ಕೇಳಿದರೆ ಹೇಳುತ್ತಾರೆ ಎಂದು ಯಾರೋ ಕಳಿಸಿದ್ದರು. ನಾನು ಕನ್ನಡಕ ಒರೆಸಿಕೊಂಡು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಅವ್ವ ಶುರುಮಾಡಿದ್ದಳು.

“ಫಾಲಿಗೋ ಸ್ಪ್ರಿಂಗಿಗೋ?”

“ಫಾಲಿಗೆ ಅಜ್ಜಿ.”

“ಪಾಸ್‌ಪೋರ್ಟಲ್ಲಿ ಹೆಸ್ರು ಬಿಡಿಸಿ ಬರ್ಸಿದೀಯಾ? ಊರು ಮುಂದಕ್ಕಾಕ್ಬೇಡ, ಅಲ್ಲಿ ಹಂಗೇ ಕರೀತಾರೆ. ಬ್ಯಾಂಕಲ್ಲಿ ತೋಟ ಅಂತ ಬಾಯಿ ಬಿಡ್ಬೇಡಿ. ಸೈಟ್ ಐತಾ?”

ಹುಡುಗಿ ಕುರ್ಚಿಯನ್ನು ನನ್ನ ಕಡೆಯಿಂದ ಅವಳ ಕಡೆಗೆ ತಿರುಗಿಸಿಕೊಂಡಳು. ತಾಯಿ ಬ್ಯಾಗಿನಿಂದ ಪುಸ್ತಕ ಪೆನ್ನು ತೆಗೆದರು. ನಾನು ಕಾಫಿಗೆ ಹೇಳಲು ಎದ್ದೆ.

“ಅಜ್ಜಿ, ನೀವು ಅಮೆರಿಕಕ್ಕೆ ಹೋಗಿ ಬಂದಿದೀರಾ?” ಎಂದು ಆಕೆ ಕೇಳಿದ್ದು ಅಡುಗೆಮನೆಗೆ ಕೇಳಿಸಿತು.

“ನಾನೆಲ್ಲಿ ಹೋಗ್ಲವ್ವ, ಯಡಿಯೂರಿಂದಾಚೆ ಕಾಲಿಟ್ಟೋಳಲ್ಲ. ಅದಿರ್ಲಿ, ಜಿಆರ್‌ಇ ಎಷ್ಟು? ಮುನ್ನೂರು ದಾಟೈತಾ?”